ಬಾನುಲಿಗೆ ಬಂದ ಕಲಬುರಗಿ ಮಾತು

ಸಿನಿಮಾ ನಟನಿಗೆ ಮುಖ ಬಂಡವಾಳ. ದನಿಯೊಂದನ್ನೇ ನೆಚ್ಚಿ ಬಾಳುವವರ ಕತೆ ಬೇರೆ. ರೇಡಿಯೊದಲ್ಲಿ ಮೂವತ್ತು ವರ್ಷ ನಾಟಕ ಆಡಿದವರು, ರೈತರಿಗೆ ಬಿತ್ತನೆಯ ಮಾತು ಹೇಳಿದವರು ಬಸ್ ನಿಲ್ದಾಣದಲ್ಲಿ ಪಕ್ಕದಲ್ಲೇ ಕೂತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಕಂಡಕ್ಟರನ ಹತ್ತಿರ ಟಿಕೆಟ್ ಕೇಳಲು ಬಾಯಿ ತೆರೆದಾಗ ಮಾತ್ರ ನಾಲ್ಕು ಮಂದಿ ತಿರುಗಿ ನೋಡುತ್ತಾರೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಇಂಥ ದನಿಗಳ ಇತಿಹಾಸ ಕೇಳಹೊರಟರೆ ಮೊದಲು ಎದುರಾಗುವುದು ಬೇರೊಂದು ಪ್ರಶ್ನೆ. ಈ ಸೀಮೆಯ ಮನೆಗಳಿಗೆ ರೇಡಿಯೊದಿಂದ ಬಂದ ದನಿ ಯಾವ ಭಾಷೆ ಆಡುತ್ತಿತ್ತು? ಆಳಂದದಿಂದ ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರದ ಗಡಿ. ಪೂರ್ವಕ್ಕೆ ತೆಲುಗು. ಕಚೇರಿಯಲ್ಲಿ ಬಹುಕಾಲ ಉರ್ದು. ಮನೆಯಲ್ಲಿ, ಹೊಲದಲ್ಲಿ, ಭಜನೆಯ ಕಟ್ಟೆಯ ಮೇಲೆ ಕನ್ನಡ. ಅದೂ ಮೈಸೂರಿನದಲ್ಲ, ಧಾರವಾಡದ್ದೂ ಅಲ್ಲ.

ಒಂದೇ ವರ್ಷ, ಎರಡು ನಿಲಯ

ಕನ್ನಡಿಗರ ಬಾನುಲಿಯ ಚರಿತ್ರೆ ಸಾಮಾನ್ಯವಾಗಿ ಮೈಸೂರಿನಿಂದ ಶುರುವಾಗುತ್ತದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಆ ಪುಟ್ಟ ನಿಲಯಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 2023ರಲ್ಲಿ ಇಂಗ್ಲಿಷಿನಲ್ಲೂ 'ಆಲ್ ಇಂಡಿಯಾ ರೇಡಿಯೊ' ಎಂಬುದನ್ನು ಬಿಟ್ಟು 'ಆಕಾಶವಾಣಿ' ಎಂದಷ್ಟೇ ಹೇಳಬೇಕೆಂದು ಆದೇಶವಾಯಿತು. ಇದು ಶಾಲೆಯ ಮಕ್ಕಳಿಗೂ ಗೊತ್ತಿರುವ ಕತೆ.

ಅಷ್ಟಾಗಿ ಹೇಳದೆ ಬಿಟ್ಟಿರುವ ಕತೆ ಇನ್ನೊಂದಿದೆ. ಅದೇ 1935ರಲ್ಲಿ, ಮೈಸೂರಿಗಿಂತ ಏಳು ತಿಂಗಳು ಮೊದಲೇ, ಫೆಬ್ರುವರಿ 3ರಂದು ಹೈದರಾಬಾದಿನಲ್ಲಿ ನಿಜಾಮ ಸರ್ಕಾರದ ರೇಡಿಯೊ ಮಾತನಾಡತೊಡಗಿತ್ತು. ಅದೂ ಖಾಸಗಿ ಉತ್ಸಾಹದಲ್ಲಿ ಹುಟ್ಟಿ ಸರ್ಕಾರದ ಕೈಸೇರಿದ ನಿಲಯ. ಪ್ರಸಾರಯಂತ್ರದ ಶಕ್ತಿ 200 ವಾಟ್. ಇಂದಿನ ಮನೆಯ ಎರಡು ಮೂರು ಹಳೆಯ ಬಲ್ಬುಗಳಿಗೆ ಬೇಕಾಗುವಷ್ಟು! ಡೆಕ್ಕನ್ ರೇಡಿಯೊ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಆಗ ಗುಲ್ಬರ್ಗ, ರಾಯಚೂರು, ಬೀದರ ಜಿಲ್ಲೆಗಳು ನಿಜಾಮರ ರಾಜ್ಯದಲ್ಲಿದ್ದವು. ಹೀಗಾಗಿ ಆಳಂದ, ಜೇವರ್ಗಿಯ ಜನರ ಪಾಲಿನ 'ನಮ್ಮ ಸರ್ಕಾರದ ರೇಡಿಯೊ' ಎಂದರೆ ಅದೇ.

ಅದರಲ್ಲಿ ಉರ್ದುವಿನದೇ ಪ್ರಾಧಾನ್ಯ. ತೆಲುಗು, ಮರಾಠಿ, ಕನ್ನಡಕ್ಕೆ ಸಿಕ್ಕಿದ್ದು ಸಣ್ಣ ಪಾಲು. ರಾಜ್ಯದ ಆಡಳಿತ ಉರ್ದುವಿನಲ್ಲಿ, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠ ಉರ್ದುವಿನಲ್ಲಿ. ರೇಡಿಯೊ ಮಾತ್ರ ಬೇರೆ ಹೇಗಿದ್ದೀತು? ಊರಿನಲ್ಲಿ ಒಂದೋ ಎರಡೋ ಸೆಟ್ಟು ಇದ್ದ ಕಾಲವದು. ಅದನ್ನು ಕೇಳುವವರು ದೇಶಮುಖರು, ವಕೀಲರು, ತಹಸೀಲ್ ಕಚೇರಿಯ ಹುದ್ದೆದಾರರು. ಹೊಲದ ಆಳಿಗೆ ರೇಡಿಯೊ ಎಂದರೆ ದೊಡ್ಡವರ ಪಡಸಾಲೆಯಿಂದ ತೇಲಿಬರುವ, ಅರ್ಧ ಅರ್ಥವಾಗುವ ಮಾತು.

ಆದರೆ ಈ ಸೀಮೆಯ ಭವಿಷ್ಯ ಬದಲಾದ ಸುದ್ದಿ ಬಂದದ್ದೂ ಅದೇ ನಿಲಯದಿಂದ. 1948ರ ಸೆಪ್ಟೆಂಬರ್ 17ರ ಸಂಜೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ರೇಡಿಯೊ ನಿಲಯಕ್ಕೆ ಸ್ವತಃ ಬಂದು ಮಾತನಾಡಿದರು. ಭಾರತ ಸರ್ಕಾರದ ಪ್ರತಿನಿಧಿ ಕೆ.ಎಂ. ಮುನ್ಶಿಯವರೂ ಮಾತನಾಡಿದರು. ಹುಕುಮು ಹೊರಡಿಸುವವರು ಮೈಕಿನ ಮುಂದೆ ಕೂತು ಪ್ರಜೆಗಳಿಗೆ ವಿಷಯ ತಿಳಿಸಿದ್ದು, ಧ್ವನಿಗೆ ಬಂದ ಹೊಸ ಅಧಿಕಾರದ ಗುರುತು ಎನ್ನಬಹುದು. 1950ರ ಏಪ್ರಿಲ್ 1ರಂದು ಡೆಕ್ಕನ್ ರೇಡಿಯೊ ಕೇಂದ್ರ ಸರ್ಕಾರದ ವಶಕ್ಕೆ ಬಂತು. ಅದೇ ವರ್ಷ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ನಿಲಯ ಆರಂಭವಾಗಿತ್ತು. ವರಕವಿ ಬೇಂದ್ರೆ ಅದರ ಸಲಹೆಗಾರರಾದರು, ಮಲ್ಲಿಕಾರ್ಜುನ ಮನಸೂರ ಸಂಗೀತ ಸಲಹೆಗಾರರಾದರು, 'ಎನ್ಕೆ' ಎಂದು ಹೆಸರಾದ ಕಾದಂಬರಿಕಾರ ಎನ್.ಕೆ. ಕುಲಕರ್ಣಿ ಅಲ್ಲಿ ದುಡಿದರು. ಉತ್ತರದ ಕನ್ನಡ ಮೊದಲ ಬಾರಿಗೆ ಬಾನುಲಿಯಲ್ಲಿ ಸಂಕೋಚವಿಲ್ಲದೆ ಕೇಳಿಸಿದ್ದು ಧಾರವಾಡದಿಂದ. ಭೀಮೆಯ ದಂಡೆಯವರಿಗೆ ಅದೂ ನೆರೆಮನೆಯ ಮಾತೇ ಆಗಿತ್ತು, ಮನೆಯದಲ್ಲ.

ಗುಲ್ಬರ್ಗ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯ ಸೇರಿತು. ಅಲ್ಲಿಂದ ಹತ್ತು ವರ್ಷ ಕಾದ ಮೇಲೆ 1966ರ ನವೆಂಬರಿನಲ್ಲಿ ಗುಲ್ಬರ್ಗ ಆಕಾಶವಾಣಿ ನಿಲಯ ಬಂತು. ಮಧ್ಯಮ ತರಂಗದಲ್ಲಿ 1107 ಕಿಲೋಹರ್ಟ್ಸ್ ಎಂಬ ಸಂಖ್ಯೆ ಕ್ರಮೇಣ ಮನೆಯ ನಂಬರಿನಷ್ಟೇ ಪರಿಚಿತವಾಯಿತು. ಮಧ್ಯಮ ತರಂಗದ ಗುಣ ಹೀಗೆ: ಹಗಲು ಅಲೆಗಳು ನೆಲದ ಗುಂಟ ಹರಿದು ಒಂದಷ್ಟು ದೂರ ಹೋಗಿ ನಿಲ್ಲುತ್ತವೆ. ರಾತ್ರಿ ಮೇಲಿನ ವಾಯುಪದರಕ್ಕೆ ಬಡಿದು ಮರಳಿ ಬಂದು ನೂರಾರು ಮೈಲಿ ಆಚೆ ಇಳಿಯುತ್ತವೆ. ಆದ್ದರಿಂದ ಹಗಲು ಕೇಳುವ ನಿಲಯ ಊರಿನದು, ರಾತ್ರಿಯ ರೇಡಿಯೊ ಲೋಕದ್ದು. ಅಲೆಗಳು ರಾಜ್ಯದ ಗಡಿ ಕೇಳಿ ನಿಲ್ಲುವುದಿಲ್ಲವಾದ್ದರಿಂದ ಗಡಿಯಾಚೆ ಅಕ್ಕಲಕೋಟೆ ಸೀಮೆಯ ಕನ್ನಡಿಗರಿಗೂ ಇದು ದಕ್ಕಿತು.

ಮೈಕಿನ ಮುಂದೆ ಗಂಟಲು ಇಳಿಸುವುದು

ನಿಲಯ ಬಂದರೆ ಸಾಲದು, ಮಾತನಾಡುವವರು ಬೇಕು. ಈ ಸೀಮೆಯಲ್ಲಿ ದನಿಗೆ ಬರವಿರಲಿಲ್ಲ. ದೊಡ್ಡಾಟ, ಭಜನೆ, ಮೊಹರಂ ಪದ, ತತ್ವಪದ ಎಲ್ಲವೂ ಗಂಟಲಿನ ಕಲೆಗಳೇ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಕಡಕೋಳ ಹಳೆಯ ಜೇವರ್ಗಿ ತಾಲ್ಲೂಕಿನ ಊರು. ಅವರ ಶಿಷ್ಯ ಪರಂಪರೆಯ ಚೆನ್ನೂರು ಜಲಾಲಸಾಹೇಬರ ಪದಗಳನ್ನು ಹಿಂದೂ ಮುಸಲ್ಮಾನರೆನ್ನದೆ ಎಲ್ಲರೂ ಹಾಡಿಕೊಂಡು ಬಂದಿದ್ದಾರೆ. ಕಂಪನಿ ನಾಟಕಕ್ಕಂತೂ ಜೇವರ್ಗಿಯ ಹೆಸರು ಅಂಟಿಕೊಂಡೇ ಇದೆ. ಜೇವರ್ಗಿ ರಾಜಣ್ಣನವರ ನಾಟಕಗಳಿಗೆ ಜಾತ್ರೆಯ ಟೆಂಟು ತುಂಬುವುದು ಉತ್ತರ ಕರ್ನಾಟಕಕ್ಕೆಲ್ಲ ಗೊತ್ತು.

ತೊಡಕು ಇದ್ದದ್ದು ಅಲ್ಲೇ. ಟೆಂಟಿನ ಹಿಂದಿನ ಸಾಲಿನವನಿಗೂ ಮುಟ್ಟಬೇಕೆಂದು ಪಳಗಿದ ಕಂಠ ಮೈಕಿನ ಮುಂದೆ ಒಡೆದು ಹೋಗುತ್ತದೆ. ಸ್ಟುಡಿಯೊದಲ್ಲಿ ಕೇಳುಗ ಹಿಂದಿನ ಸಾಲಿನಲ್ಲಿಲ್ಲ, ಗೇಣು ದೂರದಲ್ಲಿ ಕಿವಿ ಒಡ್ಡಿ ಕೂತಿದ್ದಾನೆ. ಅಳು ಎಂದರೆ ಎದೆ ಬಡಿದುಕೊಳ್ಳುವುದಲ್ಲ, ಒಂದು ಉಸಿರು ತಡೆದು ಬಿಡುವುದು. ದೂರದಿಂದ ಬರುವ ಪಾತ್ರಕ್ಕೆ ಮೈಕಿನಿಂದ ಮುಖ ತಿರುಗಿಸಿ ಮಾತು ಆರಂಭಿಸಿ ಹೆಜ್ಜೆ ಹೆಜ್ಜೆಗೆ ಹತ್ತಿರ ಬರಬೇಕು. ಹಾಳೆ ಮಗುಚುವ ಸಪ್ಪಳ ಕೇಳಬಾರದೆಂದು ಸ್ಕ್ರಿಪ್ಟನ್ನು ಒಂದೊಂದೇ ಹಾಳೆಯಾಗಿ ಹಿಡಿದು, ಓದಿ ಮುಗಿದದ್ದನ್ನು ಮೆಲ್ಲಗೆ ಕೆಳಗೆ ಜಾರಿಸಬೇಕು. ತೆಂಗಿನ ಚಿಪ್ಪು ಕುದುರೆಯ ಕಾಲಾಗುತ್ತಿತ್ತು, ತಗಡು ಗುಡುಗಾಗುತ್ತಿತ್ತು, ಮುದುಡಿದ ಜಿಲೇಟಿನ್ ಕಾಗದ ಬೆಂಕಿಯಾಗುತ್ತಿತ್ತು. ಇವೆಲ್ಲ ಪ್ರಪಂಚದ ಎಲ್ಲ ರೇಡಿಯೊ ನಾಟಕದವರೂ ಬಲ್ಲ ಉಪಾಯಗಳು. ಕಂಪನಿಯ ನಟ ತನ್ನ ಕಂಠವನ್ನು ಅರ್ಧಕ್ಕಿಳಿಸಲು ಕಲಿಯುವುದು ಮಾತ್ರ ಇವೆಲ್ಲಕ್ಕಿಂತ ಕಷ್ಟದ ಪಾಠ.

ಇದಕ್ಕೆ ಪರೀಕ್ಷೆಯೂ ಇತ್ತು. ಆಕಾಶವಾಣಿಯ ನಾಟಕ ಕಲಾವಿದರು ಧ್ವನಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಬಿ, ಬಿ-ಹೈ, ಎ, ಟಾಪ್ ಎಂದು ಶ್ರೇಣಿಗಳು. ಸಂಭಾವನೆಯೂ ಶ್ರೇಣಿಗೆ ತಕ್ಕಂತೆ. ಕೆಲವರು ಇಪ್ಪತ್ತರ ಹರೆಯದಲ್ಲಿ 'ಬಿ' ಪಡೆದು ಅದರಲ್ಲೇ ಮುದುಕರಾಗುತ್ತಿದ್ದರು. ಉದ್ಘೋಷಕರಲ್ಲಿ ಎರಡು ಬಗೆ. ನೌಕರಿಯ ಭದ್ರತೆಯುಳ್ಳ ಕೆಲವರು ಒಂದು ಕಡೆ, ತಿಂಗಳಿಗೆ ಐದಾರು ಪಾಳಿಗೆ ಕರೆ ಬರುವ ತಾತ್ಕಾಲಿಕ ಉದ್ಘೋಷಕರು ಇನ್ನೊಂದು ಕಡೆ. ಎರಡನೆಯವರ ಹೊಟ್ಟೆಪಾಡು ಬೇರೆಲ್ಲೋ ಮಾಸ್ತರಿಕೆಯಲ್ಲಿ, ಅಂಗಡಿಯಲ್ಲಿ. ಕೇಳುಗರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಜೇವರ್ಗಿಯಿಂದಲೋ ಆಳಂದದಿಂದಲೋ ಕಲಬುರಗಿಗೆ ಸುಮಾರು 40 ಕಿಲೋಮೀಟರು. ಅಫಜಲಪುರ ಇನ್ನೂ ದೂರ. ಬೆಳಗಿನ ಪ್ರಸಾರಕ್ಕೆ ಮೊದಲ ಬಸ್ಸು ಹಿಡಿದರೂ ತಡವೇ. ಹಿಂದಿನ ರಾತ್ರಿಯೇ ಹೋಗಿ ಉಳಿಯಬೇಕು. ವಾಲ್ಟರ್ ಕೌಫ್‌ಮನ್ ಎಂಬ ಯುರೋಪಿನ ಸಂಗೀತಗಾರ 1930ರ ದಶಕದಲ್ಲಿ ರಚಿಸಿದ ಆ ಪ್ರಾರಂಭದ ನಾದ ಮುಗಿಯುವ ಹೊತ್ತಿಗೆ ನಿದ್ದೆಗಣ್ಣಿನ ದನಿ ತೊಳೆದಿಟ್ಟ ತಾಮ್ರದ ತಂಬಿಗೆಯಂತಿರಬೇಕು.

ನೆಟೆ ರೋಗವೋ ಸೊರಗು ರೋಗವೋ

ಇಲ್ಲಿಯ ಕಲಾವಿದನಿಗೆ ಎರಡು ನಾಲಿಗೆ ಬೇಕಾಗಿತ್ತು ಎನ್ನುವುದೇ ಈ ಕತೆಯ ಮುಖ್ಯ ಭಾಗ. ನಿಲಯದ ಹೆಸರು ಹೇಳುವಾಗ, ಸಮಯ ಹೇಳುವಾಗ, ವಾರ್ತೆ ಓದುವಾಗ ಗ್ರಂಥದ ಕನ್ನಡ. ರೈತರ ಕಾರ್ಯಕ್ರಮದಲ್ಲಿ, ರೂಪಕದಲ್ಲಿ, ಪ್ರಹಸನದಲ್ಲಿ ಊರ ಕನ್ನಡ. 'ಅವನು ಬರುತ್ತಿದ್ದಾನೆ' ಎಂದು ಓದಿದ ಅದೇ ಬಾಯಿ ಅರ್ಧ ಗಂಟೆಯ ನಂತರ 'ಅಂವ ಬರ್ಲಕತ್ಯಾನ' ಅನ್ನಬೇಕು. 'ಬೇಡ' ಎಂಬುದು 'ಬ್ಯಾಡ' ಆಗಬೇಕು, 'ಹೇಗೆ' ಎಂಬುದು 'ಹ್ಯಾಂಗ'. ಇದು ಅಣಕವಾಗಬಾರದು. ಅಣಕವಾದರೆ ಹೊಲದವನಿಗೆ ಮರುಕ್ಷಣವೇ ಗೊತ್ತಾಗುತ್ತದೆ.

ಇದು ಬರಿಯ ಸೊಗಸಿನ ಮಾತಲ್ಲ. ಕಲಬುರಗಿ ತೊಗರಿಯ ಕಣಜ. 2019ರಲ್ಲಿ ಇಲ್ಲಿಯ ತೊಗರಿ ಬೇಳೆಗೆ ಭೌಗೋಳಿಕ ಗುರುತೂ ಸಿಕ್ಕಿತು. ಬೆಳೆ ನಿಂತಲ್ಲೇ ಒಣಗುವ ತೊಗರಿಯ ಕಾಯಿಲೆಗೆ ಕೃಷಿ ಪುಸ್ತಕದಲ್ಲಿ ಸೊರಗು ರೋಗ ಎಂಬ ಹೆಸರಿದೆ. ಇಲ್ಲಿಯ ರೈತನ ಬಾಯಲ್ಲಿ ಅದು ನೆಟೆ ರೋಗ. ಗಿಡ ಹಸಿರಾಗಿಯೇ ಇದ್ದು ಹೂ ಕಾಯಿ ಕಟ್ಟದೆ ನಿಲ್ಲುವುದಕ್ಕೆ ಗೊಡ್ಡು ರೋಗ. ವಿಜ್ಞಾನಿಯ ಪದವನ್ನೇ ಓದಿ ಮುಗಿಸಿದರೆ ಅದು ಪರರ ಹೊಲದ ಸುದ್ದಿ. 'ನೆಟೆ ಬಿದ್ದದ ಅಂದ್ರ' ಎಂದು ಶುರು ಮಾಡಿದರೆ ಕೇಳುವವನು ಬೀಡಿ ಆರಿಸಿ ಕಿವಿ ಕೊಡುತ್ತಾನೆ. 1997-98ರಲ್ಲಿ ಕಾಯಿಕೊರಕ ಹುಳು ಉತ್ತರ ಕರ್ನಾಟಕದ ತೊಗರಿಯನ್ನು ತಿಂದು ಹಾಕಿದಾಗ ಔಷಧಿಗೂ ಹುಳು ಬಗ್ಗಲಿಲ್ಲ. ಗಿಡವನ್ನು ಅಲುಗಾಡಿಸಿ, ಕೆಳಗೆ ಹಾಸಿದ ಹಾಳೆಯ ಮೇಲೆ ಹುಳು ಉದುರಿಸಿ ಕೂಡಿಹಾಕುವ ಉಪಾಯ ರೈತರಲ್ಲಿ ಹಬ್ಬಿತು. ಇಂಥ ಮಾತನ್ನು ಬರೆದು ತಿಳಿಸುವುದು ಕಷ್ಟ, ಆಡಿಯೇ ತಿಳಿಸಬೇಕು. ಓದು ಬಾರದ ಮನೆಗಳಲ್ಲಿ ರೇಡಿಯೊದ ದನಿಯೇ ಕೃಷಿ ಇಲಾಖೆ.

ಉರ್ದುವಿನ ಬಳುವಳಿಯೂ ಉಪಯೋಗಕ್ಕೆ ಬಂತು ಎನ್ನದೆ ವಿಧಿಯಿಲ್ಲ. ನಿಜಾಮರ ಕಾಲದ ಶಾಲೆಯಲ್ಲಿ ಓದಿದವರ ನಾಲಿಗೆಯ ಮೇಲೆ 'ಖ', 'ಫ' ಅಕ್ಷರಗಳು ಸ್ಪಷ್ಟ. ಫಸಲು, ತಕರಾರು, ಜವಾಬು ಎಂಬ ಪದಗಳು ಇಲ್ಲಿ ಪರಭಾಷೆಯವಲ್ಲ. 1952ರಿಂದ ರೇಡಿಯೊ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ನಡೆಸಿಕೊಟ್ಟ ಅಮೀನ್ ಸಯಾನಿಯವರ ಹಿಂದುಸ್ತಾನಿ ಮಾತು ಮೈಸೂರಿನವರಿಗೆ ಹಾಡಿನ ನಡುವಿನ ಅಲಂಕಾರವಾಗಿದ್ದರೆ ಆಳಂದದವರಿಗೆ ನೇರ ಅರ್ಥವಾಗುತ್ತಿತ್ತು. 'ಬೆಹನೋ' ಎಂದು ಮೊದಲು ಹೆಂಗಸರನ್ನು ಕರೆದು ಆಮೇಲೆ ಗಂಡಸರ ಕಡೆ ತಿರುಗುವ ಆ ರೀತಿಯನ್ನು ಎಷ್ಟೋ ಉದ್ಘೋಷಕರು ಮನಸ್ಸಿನಲ್ಲೇ ಅಭ್ಯಾಸ ಮಾಡಿದರು. ಸಯಾನಿ 2024ರ ಫೆಬ್ರುವರಿಯಲ್ಲಿ 91ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಮುಖ ಕಂಡಿರದವರೂ ಮರುಗಿದರು.

ಊರ ಮಾತಿಗೆ ರೇಡಿಯೊ ಕೊಟ್ಟ ಜಾಗ ಎಷ್ಟು ಎಂದು ಕೇಳಿದರೆ ಉತ್ತರ ಅಷ್ಟು ಸಿಹಿಯಲ್ಲ. ಹೊಲ, ಹಾಸ್ಯ, ಜಾನಪದ ಇವು ಮೂರಕ್ಕೆ ಸ್ವಾಗತ. ಗಂಭೀರ ಭಾಷಣಕ್ಕೆ, ಸಾಹಿತ್ಯ ಚರ್ಚೆಗೆ ಗ್ರಂಥದ ಕನ್ನಡವೇ ಗತಿ. ಊರ ಮಾತು ಆಡುವವನು ಹಳ್ಳಿಗ, ಇಲ್ಲವೆ ನಗಿಸುವವನು ಎಂಬ ಸಮೀಕರಣ ಬಾನುಲಿಯಲ್ಲೂ ಬೇರೂರಿತು. ಇದು ಕಲಬುರಗಿಯೊಂದರ ದೋಷವಲ್ಲ. ಬೆಂಗಳೂರಿನಲ್ಲಿ ಕಲಾವಿದ ಎ.ಎನ್. ಸುಬ್ಬರಾಯರ ಮಗ ಎ.ಎಸ್. ಮೂರ್ತಿ ರೇಡಿಯೊದ 'ಈರಣ್ಣ' ಪಾತ್ರದಿಂದ ಮನೆಮಾತಾದರು. ನಾಟಕ ಬರೆದರು, ಬೀದಿ ನಾಟಕ ಆಡಿಸಿದರು, 'ಅಭಿನಯ ತರಂಗ' ಕಟ್ಟಿ ನಟರನ್ನು ತಯಾರಿಸಿದರು. ಆದರೂ 2012ರಲ್ಲಿ ಅವರು ತೀರಿಕೊಂಡಾಗ ಜನ ನೆನೆದದ್ದು 'ಆಕಾಶವಾಣಿ ಈರಣ್ಣ' ಎಂದೇ. ಪಾತ್ರದ ಹೆಸರು ವ್ಯಕ್ತಿಯ ಹೆಸರನ್ನು ನುಂಗಿತ್ತು. ದೀರ್ಘ ಕಾಲ ದನಿಯಾಗಿ ಬದುಕಿದವರಿಗೆ ಸಿಗುವ ದೊಡ್ಡ ಬಹುಮಾನವೂ ಅದೇ, ದಂಡವೂ ಅದೇ.

ಡಬ್ಬಿಂಗ್ ಇಲ್ಲದ ನಾಡು

ಹಿಂದಿ, ತಮಿಳು, ತೆಲುಗಿನ ಕಂಠ ಕಲಾವಿದರಿಗೆ ರೇಡಿಯೊ ಬಿಟ್ಟರೆ ಇನ್ನೊಂದು ದಾರಿ ಇತ್ತು, ಸಿನಿಮಾ ಡಬ್ಬಿಂಗ್. ಕನ್ನಡದಲ್ಲಿ ಆ ಬಾಗಿಲು 1960ರ ದಶಕದಲ್ಲೇ ಮುಚ್ಚಿತು. 1950ರ ದಶಕದಲ್ಲಿ ಪೌರಾಣಿಕ ಚಿತ್ರಗಳು ಕನ್ನಡಕ್ಕೆ ಡಬ್ ಆಗಿ ಬರುತ್ತಿದ್ದವು. ಇಲ್ಲಿಯ ಚಿತ್ರರಂಗ ಉಳಿಯಬೇಕಾದರೆ ಅದು ನಿಲ್ಲಬೇಕೆಂದು ಅನಕೃ, ಮ. ರಾಮಮೂರ್ತಿ ಮೊದಲಾದವರು ಚಳವಳಿ ಹೂಡಿದರು. ಚಿತ್ರರಂಗ ಉಳಿಯಿತು, ಬೆಳೆಯಿತು. ಆ ನಿಲುವಿನ ಸರಿತಪ್ಪು ಬೇರೆ ಚರ್ಚೆ. ಅದರ ಒಂದು ಪರಿಣಾಮವನ್ನು ಮಾತ್ರ ಹೆಚ್ಚಾಗಿ ಯಾರೂ ಲೆಕ್ಕ ಹಾಕಲಿಲ್ಲ. ಸುಮಾರು ಅರ್ಧ ಶತಮಾನ ಕನ್ನಡದಲ್ಲಿ ಕಂಠನಟನೆ ಎಂಬ ಕಸುಬಿಗೆ ಆಕಾಶವಾಣಿಯೇ ದೊಡ್ಡ ಆಸರೆಯಾಯಿತು. ಪರಭಾಷೆಯ ನಟಿಯರಿಗೆ ಕನ್ನಡ ಚಿತ್ರಗಳಲ್ಲಿ ದನಿ ಕೊಡುವ ಕೆಲಸ ಇತ್ತು ನಿಜ, ಅದು ಸ್ಟುಡಿಯೊಗಳ ಸುತ್ತಮುತ್ತ ಇದ್ದವರಿಗೆ. ಅಫಜಲಪುರದ ಒಳ್ಳೆಯ ಕಂಠ ಅಲ್ಲಿಗೆ ತಲುಪುವ ದಾರಿ ಇರಲಿಲ್ಲ.

ವಿಚಿತ್ರವೆಂದರೆ, ಚಿತ್ರ ಒಂದು ಮಾತು ಇನ್ನೊಂದು ಎಂಬ ಪ್ರಯೋಗ ಇದೇ ಸೀಮೆಯ ಹಳ್ಳಿಗಳಿಗೆ ಆಕಾಶದಿಂದಲೇ ಬಂದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ದೂರದರ್ಶನ ಪ್ರಯೋಗದಲ್ಲಿ, ಅಂದರೆ 'ಸೈಟ್' ಯೋಜನೆಯಲ್ಲಿ, ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಪೆಟ್ಟಿಗೆ ಕೊಡಲಾಯಿತು. ಕರ್ನಾಟಕದಿಂದ ಆಯ್ಕೆಯಾದವು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಅಮೆರಿಕದಿಂದ ಎರವಲು ಪಡೆದ ಆ ಉಪಗ್ರಹಕ್ಕೆ ಒಂದೇ ಚಿತ್ರದ ಜೊತೆ ಎರಡು ಧ್ವನಿವಾಹಿನಿ ಕಳಿಸುವ ಸೌಲಭ್ಯವಿತ್ತು. ಕನ್ನಡದ ಕಾರ್ಯಕ್ರಮಗಳು ತಯಾರಾದದ್ದು ಮತ್ತೆ ಹೈದರಾಬಾದಿನಲ್ಲೇ! ಬೆಂಗಳೂರಿನ ಮನೆಗಳು ಟಿ.ವಿ. ಕಾಣುವ ಮೊದಲೇ ಈ ಜಿಲ್ಲೆಯ ಹಳ್ಳಿಗರು ಶಾಲೆಯ ಅಂಗಳದಲ್ಲಿ ಕೂತು ಕನ್ನಡ ಟಿ.ವಿ. ನೋಡಿದ್ದರು. 1977ರಲ್ಲಿ ಗುಲ್ಬರ್ಗಕ್ಕೆ ದೂರದರ್ಶನ ಕೇಂದ್ರ ಬಂದದ್ದು ಇದರ ಮುಂದುವರಿಕೆ.

ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈಯಲ್ಲಿ ತೀರ್ಪು ಕೊಟ್ಟಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಎಂಬ ಡಬ್ ಆದ ಚಿತ್ರ ತೆರೆ ಕಂಡಿತು. 2020ರ ಲಾಕ್‌ಡೌನ್ ದಿನಗಳಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡದ ದನಿಯಲ್ಲಿ ಬಂದು ಮನೆಮನೆಯಲ್ಲಿ ಕೂತಿತು. ಭೀಷ್ಮನಿಗೆ, ಕರ್ಣನಿಗೆ ದನಿ ಕೊಟ್ಟವರು ಯಾರು ಎಂದು ಜನ ಹುಡುಕತೊಡಗಿದರು. ಕಂಠನಟನೆ ಒಂದು ಕಸುಬು ಎಂದು ಕನ್ನಡದಲ್ಲಿ ಹೊಸದಾಗಿ ಕಂಡುಹಿಡಿದಂತಾಯಿತು. ಆದರೆ ಆ ಭೀಷ್ಮನೂ ಕರ್ಣನೂ ಆಡಿದ್ದು ಗ್ರಂಥದ ಕನ್ನಡ. ಕಲಬುರಗಿ ಮಾತಿಗೆ ಈ ಹೊಸ ಮಾರುಕಟ್ಟೆಯಲ್ಲೂ ಹೆಚ್ಚಾಗಿ ಕರೆ ಬರುವುದು ಹಾಸ್ಯ ಪಾತ್ರಕ್ಕೇ.

ಹಳೆಯ ದನಿಗಳನ್ನು ಕೇಳಿ ಹೋಲಿಸೋಣವೆಂದರೆ ಅದೂ ಸುಲಭವಲ್ಲ. ಸುರುಳಿ ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಆಕಾಶವಾಣಿಯ ನಿಲಯಗಳು ಒಂದು ಕಾರ್ಯಕ್ರಮ ಪ್ರಸಾರವಾದ ಮೇಲೆ ಅದನ್ನು ಅಳಿಸಿ ಅದೇ ಟೇಪಿನಲ್ಲಿ ಮತ್ತೊಂದನ್ನು ಧ್ವನಿಮುದ್ರಿಸುವುದು ವಾಡಿಕೆ. ದೊಡ್ಡ ಸಂಗೀತಗಾರರ, ರಾಷ್ಟ್ರನಾಯಕರ ಧ್ವನಿಮುದ್ರಿಕೆಗಳನ್ನು ಕಪಾಟಿನಲ್ಲಿ ಕಾದಿಟ್ಟರು. ಮಂಗಳವಾರದ ತೊಗರಿಯ ಮಾತುಕತೆಯನ್ನು, ಅತ್ತೆ ಸೊಸೆಯ ಹದಿನೈದು ನಿಮಿಷದ ನಾಟಕವನ್ನು ಕಾದಿಡಬೇಕೆಂದು ಯಾರಿಗೂ ತೋಚಲಿಲ್ಲ. 1970ರ ದಶಕದಲ್ಲಿ ಭೀಮೆಯ ದಂಡೆಯ ಹೆಂಗಸು ಹೇಗೆ ಮಾತನಾಡುತ್ತಿದ್ದಳು ಎಂಬುದಕ್ಕೆ ಅಂಥ ನಾಟಕಕ್ಕಿಂತ ಒಳ್ಳೆಯ ದಾಖಲೆ ಭಾಷಾಶಾಸ್ತ್ರಜ್ಞರಿಗೂ ಸಿಗುತ್ತಿರಲಿಲ್ಲ. ಆ ಟೇಪುಗಳ ಮೇಲೆ ಮರುವಾರದ ತೊಗರಿಯ ಮಾತುಕತೆ ಬಂದು ಕೂತಿತು, ಅದರ ಮೇಲೆ ಇನ್ನೊಂದು.

ಈಗ ಪ್ರಸಾರ ಭಾರತಿಯ ಮೊಬೈಲ್ ಆ್ಯಪ್‌ನಲ್ಲಿ ಆಕಾಶವಾಣಿಯ ನಿಲಯಗಳನ್ನು ಎಲ್ಲಿಂದಲಾದರೂ ಕೇಳಬಹುದು. ಆಳಂದ, ಅಫಜಲಪುರದ ಕಡೆಯಿಂದ ದುಡಿಯಲು ಪುಣೆ, ಮುಂಬೈಗೆ ಹೋದ ಕುಟುಂಬಗಳು ಬಹಳ. ಕಟ್ಟಡ ಕೆಲಸದ ಶೆಡ್ಡಿನಲ್ಲಿ ಜೋಳದ ರೊಟ್ಟಿ ಬಡಿಯುತ್ತ ಮೊಬೈಲಿನಲ್ಲಿ ಕಲಬುರಗಿ ಹಚ್ಚಿದರೆ, ಊರಲ್ಲಿ ಮಳೆ ಆಯಿತೇ, ತೊಗರಿಯ ಧಾರಣಿ ಎಷ್ಟು ಎಂಬುದು ತಿಳಿಯುತ್ತದೆ. ಹೇಳುತ್ತಿರುವವರ ಹೆಸರು ತಿಳಿಯದಿದ್ದರೂ ಅವರು ಯಾವ ಕಡೆಯವರು ಎಂಬುದು ಎರಡನೆಯ ವಾಕ್ಯಕ್ಕೇ ಗೊತ್ತಾಗಿಬಿಡುತ್ತದೆ.